ಹತ್ತು ದಿನಕ್ಕೊಂದು ಸಿನಿಮಾ

ಡಾ. ರಾಜ್‌ಕುಮಾರ್ ಬಣ್ಣ ಹಚ್ಚಿದ ಚಿತ್ರಗಳು 200ಕ್ಕೂ ಹೆಚ್ಚು. ನಾವು ಬಾಯ್ತುಂಬ ಹೇಳಿಕೊಳ್ಳುವ ಸಂಖ್ಯೆ ಅದು. ಈಗ ಅದನ್ನು ಏಳರಿಂದ ಗುಣಿಸಿ. ತಮಿಳಿನ ಮನೋರಮಾ ಇನ್ನೂ ಮುಂದೆಯೇ ಇರುತ್ತಾರೆ!

ಅವರ ಮೊದಲ ಚಿತ್ರ 'ಮಾಲೈಯಿಟ್ಟ ಮಂಗೈ' ಬಂದದ್ದು 1958ರಲ್ಲಿ. 1985ಕ್ಕೆ ಸಾವಿರ ಮುಟ್ಟಿ ಗಿನ್ನೆಸ್ ಪುಸ್ತಕ ಸೇರಿದರು. 27 ವರ್ಷಕ್ಕೆ ಸಾವಿರವೆಂದರೆ ಹತ್ತು ದಿನಕ್ಕೊಂದು ಸಿನಿಮಾ. ನಮ್ಮಲ್ಲಿ ನೆಗಡಿ ವಾಸಿಯಾಗುವುದಕ್ಕೂ ಅಷ್ಟು ದಿನ ಬೇಕು.

2015ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಲೆಕ್ಕ 1,500 ದಾಟಿತ್ತು. ಒಂದಕ್ಕೆ ಎರಡೂವರೆ ಗಂಟೆ ಹಿಡಿದರೂ 3,750 ಗಂಟೆ. ಯುಗಾದಿಯ ಬೇವುಬೆಲ್ಲ ತಿಂದು ನೋಡಲು ಕೂತು, ಹಗಲು ರಾತ್ರಿ ರೆಪ್ಪೆ ಮುಚ್ಚದಿದ್ದರೆ, ಗಣೇಶನ ಹಬ್ಬ ಕಳೆದು ಐದನೇ ದಿನಕ್ಕೆ ಏಳಬಹುದು. ಅದೂ ಅಧಿಕ ಮಾಸ ಬಾರದ ವರ್ಷವಾದರೆ.

ಇಷ್ಟರಲ್ಲಿ ಒಂದನ್ನೇ ನೋಡುವುದಾದರೆ 1968ರ 'ತಿಲ್ಲಾನಾ ಮೋಹನಾಂಬಾಳ್' ಹಾಕಿ. ನಾದಸ್ವರ ಹಿಡಿದ ಶಿವಾಜಿ ಗಣೇಶನ್, ಗೆಜ್ಜೆ ಕಟ್ಟಿದ ಪದ್ಮಿನಿ. ಇಬ್ಬರ ನಡುವೆ ನಾಟಕ ಕಂಪನಿಯ ಜಿಲ್ ಜಿಲ್ ರಮಾಮಣಿಯಾಗಿ ಈಕೆ. ಸಿಕ್ಕಿದ್ದು ಕೆಲವೇ ದೃಶ್ಯ, ಆದರೆ ಆ ಹೆಸರು ಅರ್ಧ ಶತಮಾನ ಕಳೆದರೂ ತಮಿಳರ ನಾಲಿಗೆಯಿಂದ ಇಳಿದಿಲ್ಲ.

ಕಂಪನಿ ನಾಟಕದವರ ಪಾತ್ರ ಅವರಿಗೆ ಹೊಸದೇನಲ್ಲ. ರಂಗದ ಮೇಲೆ ಅವರು ಕೊಟ್ಟ ಪ್ರದರ್ಶನಗಳು ಸುಮಾರು 5,000! ಒಂದು ಸಂಜೆಯೂ ತಪ್ಪದೆ ದಿನಕ್ಕೊಂದು ಆಟವಾಡಿದರೂ 13 ವರ್ಷ 8 ತಿಂಗಳು ಬೇಕು. ಜೊತೆಗೆ ಸಿನಿಮಾಗಳಿಗೆ ಹಾಡಿದ ಹಾಡುಗಳೂ ಇವೆ, ಅವನ್ನು ಎಣಿಸಲು ಇಲ್ಲಿ ಜಾಗವಿಲ್ಲ.

ಪ್ರಶಸ್ತಿಯ ಕಡೆ ತಿರುಗಿದರೆ ಲೆಕ್ಕ ತಲೆಕೆಳಗು. 2002ರಲ್ಲಿ ಪದ್ಮಶ್ರೀ ಬಂತು, ಸರಿ. ಆದರೆ ನಟನೆಗೆ ರಾಷ್ಟ್ರಪ್ರಶಸ್ತಿ? 1,500 ಚಿತ್ರಗಳಿಗೆ ಒಂದೇ ಒಂದು, 'ಪುದಿಯ ಪಾದೈ'ಗೆ. ಅದೂ ಪೋಷಕ ನಟಿಯೆಂದು!

ಇನ್ನು ಸಹಕಲಾವಿದರು. ಅಣ್ಣಾದುರೈ ಮತ್ತು ಕರುಣಾನಿಧಿ ಜೊತೆ ನಾಟಕ, ಎಂ.ಜಿ.ಆರ್., ಎನ್.ಟಿ.ಆರ್. ಮತ್ತು ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಜೊತೆ ಸಿನಿಮಾ. ಅಂದರೆ ಐವರು ಮುಖ್ಯಮಂತ್ರಿಗಳು! ಆ ಐವರ ಚಿತ್ರಗಳನ್ನೆಲ್ಲ ಒಟ್ಟಿಗೆ ಕೂಡಿದರೂ ಸಾವಿರ ಮುಟ್ಟುವುದಿಲ್ಲ.