ಈಮ್ ಗ್ರಾಮದ ಪ್ಲೇಗು: ಚರಿತ್ರೆಯ ಆಕರಗಳೂ ಕಾದಂಬರಿಯೂ

ಐತಿಹಾಸಿಕ ಕಾದಂಬರಿಯ ವಿಚಾರ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ಅರಸರು, ಸೇನಾನಿಗಳು, ರಾಜಧಾನಿಗಳು ಇವುಗಳನ್ನು ಕುರಿತ ಕೃತಿಗಳೇ ಚರ್ಚೆಗೆ ವಿಷಯವಾಗುತ್ತವೆ. ಅಂಥ ಕೃತಿಯ ಕರ್ತೃವಿಗೆ ಶಾಸನಗಳಿವೆ, ಪ್ರವಾಸಿಗಳ ಬರಹಗಳಿವೆ, ಆಸ್ಥಾನಕವಿಗಳ ಕಾವ್ಯಗಳಿವೆ. ಅವನ ಕಷ್ಟವೆಲ್ಲ ಇದ್ದುದರಲ್ಲಿ ಯಾವುದನ್ನು ಆರಿಸಬೇಕೆಂಬುದು. ಆದರೆ ಸೀಸದ ಗಣಿಯಲ್ಲಿ ದುಡಿಯುವವರು, ಕುರಿ ಸಾಕುವವರು, ಮನೆಗೆಲಸದ ಹೆಂಗಸರು ತುಂಬಿರುವ ಒಂದು ಸಣ್ಣ ಹಳ್ಳಿಯನ್ನು ಕುರಿತು ಬರೆಯಹೊರಟವರ ಸ್ಥಿತಿ ಇದಕ್ಕೆ ತೀರ ಬೇರೆ. ಅಂಥ ಹಳ್ಳಿ ಸಾಮಾನ್ಯವಾಗಿ ಚರಿತ್ರೆಯ ಕಣ್ಣಿಗೆ ಬೀಳುವುದು ಅದಕ್ಕೆ ದೊಡ್ಡದೊಂದು ವಿಪತ್ತು ಬಂದೊದಗಿದಾಗ ಮಾತ್ರ. ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಈಮ್ ಎಂಬ ಗ್ರಾಮ ಇದಕ್ಕೆ ಒಳ್ಳೆಯ ನಿದರ್ಶನ. 1665 ಮತ್ತು 1666ರಲ್ಲಿ ಪ್ಲೇಗಿನಿಂದ ನರಳಿದ ಈ ಊರನ್ನು ಕುರಿತು ಜೆರಾಲ್ಡೀನ್ ಬ್ರೂಕ್ಸ್ ಎಂಬ ಆಸ್ಟ್ರೇಲಿಯಾ ಮೂಲದ ಲೇಖಕಿ 2001ರಲ್ಲಿ ‘ಇಯರ್ ಆಫ್ ವಂಡರ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಆಕರಗಳು ಏನನ್ನು ಹೇಳುತ್ತವೆ, ಎಲ್ಲಿ ಸುಮ್ಮನಾಗುತ್ತವೆ, ಆ ಮೌನವನ್ನು ಕಾದಂಬರಿ ಯಾವ ರೀತಿಯಲ್ಲಿ ತುಂಬಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಪ್ರಚಲಿತವಾಗಿರುವ ಕಥೆಯನ್ನು ಸಂಗ್ರಹವಾಗಿ ಹೇಳಬೇಕು. 1665ರ ಬೇಸಗೆಯ ಕೊನೆಯಲ್ಲಿ ಲಂಡನ್ನಿನಿಂದ ಈಮ್‌ನ ದರ್ಜಿಯೊಬ್ಬನ ಮನೆಗೆ ಬಟ್ಟೆಯ ಗಂಟೊಂದು ಬಂದಿತು. ಲಂಡನ್ನಿನಲ್ಲಿ ಆಗ ಪ್ಲೇಗಿನ ಹಾವಳಿ ವಿಪರೀತವಾಗಿತ್ತು. ಗಂಟನ್ನು ಬಿಚ್ಚಿ, ತೇವವಾಗಿದ್ದ ಬಟ್ಟೆಯನ್ನು ಒಲೆಯ ಮುಂದೆ ಹರವಿದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರ ಕೆಲವೇ ದಿನಗಳಲ್ಲಿ ಸತ್ತನು. ಸೆಪ್ಟೆಂಬರ್ 7ರಂದು ಅವನ ಶವವನ್ನು ಹೂಳಲಾಯಿತು. ಚಳಿಗಾಲದಲ್ಲಿ ಸ್ವಲ್ಪ ಇಳಿಮುಖವಾಗಿದ್ದ ರೋಗ ಮರುವರ್ಷದ ಬೇಸಗೆಯಲ್ಲಿ ಮತ್ತೆ ಕೆರಳಿತು. ಆಗ ಊರಿನ ಪಾದ್ರಿ ವಿಲಿಯಂ ಮೊಂಪೆಸನ್, ಅವನಿಗಿಂತ ಮೊದಲು ಆ ಊರಿನ ಗುರುವಾಗಿದ್ದು 1662ರಲ್ಲಿ ಮತೀಯ ಕಾರಣಗಳಿಂದ ಸ್ಥಾನ ಕಳೆದುಕೊಂಡಿದ್ದ ಥಾಮಸ್ ಸ್ಟಾನ್ಲಿಯೊಡನೆ ಸೇರಿ ಜನರನ್ನು ಒಪ್ಪಿಸಿದನು: ಊರಿನವರು ಎಲ್ಲೆ ದಾಟಿ ಹೋಗಬಾರದು, ರೋಗವನ್ನು ನೆರೆಹೊರೆಗೆ ಹರಡಬಾರದು, ಸತ್ತವರನ್ನು ಆಯಾ ಮನೆಯವರೇ ತಮ್ಮ ಹೊಲ ಹಿತ್ತಲುಗಳಲ್ಲಿ ಹೂಳಬೇಕು, ಪ್ರಾರ್ಥನೆ ಚರ್ಚಿನೊಳಗೆ ನಡೆಯದೆ ಕಕ್‌ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಯಲ್ಲಿ ನಡೆಯಬೇಕು. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರಿನ ಅರ್ಲ್ ಆಹಾರ ಒದಗಿಸಿದನು. ಎಲ್ಲೆಯಲ್ಲಿದ್ದ ಕಲ್ಲಿನ ಕುಳಿಗಳಲ್ಲಿ ವಿನಿಗರ್ ತುಂಬಿ ಅದರಲ್ಲಿ ಹಣವನ್ನಿಟ್ಟು, ಹೊರಗಿನವರು ಇಟ್ಟುಹೋದ ಸಾಮಾನನ್ನು ಊರಿನವರು ತೆಗೆದುಕೊಳ್ಳುತ್ತಿದ್ದರು. 1666ರ ನವೆಂಬರ್ ಮೊದಲ ದಿನಕ್ಕೆ ಮರಣಗಳು ನಿಂತವು.

ಈ ಕಥೆಯ ಮುಖ್ಯ ಸಂಗತಿಗಳಲ್ಲಿ ಅನೇಕವು ನಿಜವೇ. ಆದರೆ ಇವೆಲ್ಲವೂ ಒಂದೇ ಬಗೆಯ ಆಧಾರದ ಮೇಲೆ ನಿಂತಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸಮಕಾಲೀನವಾದ ಆಕರಗಳೆಂದರೆ ಮೊಂಪೆಸನ್ ಬರೆದ ಮೂರು ಪತ್ರಗಳು, ಮತ್ತು ಚರ್ಚಿನ ಮರಣದ ದಫ್ತರ. ಆ ದಫ್ತರವೂ ಈಗ ನಮಗೆ ದೊರೆಯುವುದು ಅನಂತರ ಮಾಡಿಕೊಂಡ ಪ್ರತಿಯ ರೂಪದಲ್ಲಿ. ಪತ್ರಗಳಲ್ಲಿ ಮೊದಲನೆಯದು, ತಾಯಿ ತೀರಿಕೊಂಡಳೆಂದು ದೂರದಲ್ಲಿದ್ದ ತನ್ನ ಮಕ್ಕಳಿಗೆ ತಂದೆ ಬರೆದದ್ದು; ಮೊಂಪೆಸನನ ಹೆಂಡತಿ ಕ್ಯಾಥರೀನ್ 1666ರ ಆಗಸ್ಟ್ 25ರಂದು ಪ್ಲೇಗಿನಿಂದ ಮೃತಳಾಗಿದ್ದಳು. ಎರಡನೆಯದು ಅವನ ಆಶ್ರಯದಾತನಾದ ಸರ್ ಜಾರ್ಜ್ ಸ್ಯಾವಿಲ್‌ನಿಗೆ ಬರೆದದ್ದು. ನವೆಂಬರಿನಲ್ಲಿ ರೋಗ ನಿಂತ ಮೇಲೆ ಜಾನ್ ಬೀಲ್ಬಿ ಎಂಬವನಿಗೆ ಬರೆದ ಮೂರನೆಯ ಪತ್ರದಲ್ಲಿ, 76 ಕುಟುಂಬಗಳಿಗೆ ರೋಗ ತಗುಲಿ 259 ಜನ ಸತ್ತರೆಂಬ ಲೆಕ್ಕ ಬರುತ್ತದೆ. ಊರನ್ನು ಮುಚ್ಚಿದ ನಿರ್ಧಾರ ಹೇಗಾಯಿತು, ಯಾರು ಒಪ್ಪಿದರು, ಯಾರು ವಿರೋಧಿಸಿದರು ಎಂಬುದನ್ನು ಮಾತ್ರ ಈ ಪತ್ರಗಳು ವಿವರಿಸುವುದಿಲ್ಲ. ಜನರೆಲ್ಲ ಒಟ್ಟಾಗಿ ತ್ಯಾಗದ ಸಂಕಲ್ಪ ಮಾಡಿದರೆಂಬ, ಇಂದು ಎಲ್ಲರೂ ಬಲ್ಲ ಚಿತ್ರ ಬೆಳೆದು ಬಂದದ್ದು ಆಮೇಲೆ. 1720ರ ದಶಕದ ಆರಂಭದಲ್ಲಿ ವೈದ್ಯ ರಿಚರ್ಡ್ ಮೀಡ್ ಪ್ಲೇಗಿನ ನಿಯಂತ್ರಣವನ್ನು ಕುರಿತ ತನ್ನ ಗ್ರಂಥದಲ್ಲಿ ಈಮ್‌ನ ಪ್ರಸ್ತಾಪ ಮಾಡಿದನು. ಮೊಂಪೆಸನನ ಪತ್ರಗಳು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಅಚ್ಚಾದವು. 1842ರಲ್ಲಿ ವಿಲಿಯಂ ವುಡ್ ಎಂಬ ಸ್ಥಳೀಯ ಲೇಖಕ ಹಿರಿಯರ ಬಾಯಿಮಾತುಗಳನ್ನೆಲ್ಲ ಕಲೆಹಾಕಿ ಊರಿನ ಚರಿತ್ರೆಯನ್ನು ಬರೆದನು. ಘಟನೆಗೂ ವುಡ್‌ನ ಗ್ರಂಥಕ್ಕೂ ನಡುವೆ 176 ವರ್ಷಗಳ ಅಂತರ. ಎಲ್ಲೆಯ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡುತ್ತಿದ್ದ ಪ್ರೇಮಿಗಳ ಕಥೆ ಮೊದಲಾದವು ಅದರಿಂದಲೇ ಪ್ರಚಾರಕ್ಕೆ ಬಂದವು. ಇಷ್ಟು ಕಾಲ ಬಾಯಿಂದ ಬಾಯಿಗೆ ಸಾಗಿಬಂದ ಮಾತನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ಪತ್ರದ ಸಮಕ್ಕೆ ಅದನ್ನಿಡುವುದೂ ಸರಿಯಲ್ಲ.

ಸತ್ತವರ ಸಂಖ್ಯೆಯ ಬಗ್ಗೆ ಹೆಚ್ಚು ವಿವಾದವಿಲ್ಲ. ಉಳಿದವರ ಸಂಖ್ಯೆಯ ಬಗ್ಗೆ ಇದೆ. ಊರಿನ ಜನಸಂಖ್ಯೆ 350 ಎಂದೂ, ಅದರಲ್ಲಿ ಮುಕ್ಕಾಲು ಪಾಲು ನಾಶವಾಯಿತೆಂದೂ ಬಹುಕಾಲ ನಂಬಿಕೆಯಿತ್ತು. ಒಲೆಗಳ ಮೇಲಿನ ತೆರಿಗೆಯ ಪಟ್ಟಿ ಮುಂತಾದ ದಾಖಲೆಗಳನ್ನು ಪರಿಶೀಲಿಸಿದ ಈಚಿನ ವಿದ್ವಾಂಸರು ಜನಸಂಖ್ಯೆ ಸುಮಾರು 700ರಷ್ಟಿತ್ತೆಂದು ಲೆಕ್ಕಹಾಕಿದ್ದಾರೆ. ಹಾಗಾದರೆ ಸತ್ತವರು ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಇದರಿಂದ ದುಃಖದ ಭಾರ ಕಡಿಮೆಯಾಗುವುದಿಲ್ಲ. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ 1666ರ ಆಗಸ್ಟಿನಲ್ಲಿ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣುಮಾಡಬೇಕಾಯಿತು. ರೈಲಿ ಗೋರಿಗಳೆಂದು ಹೆಸರಾದ ಆ ಸಮಾಧಿಗಳು ಊರಿನ ಹೊರಗೆ ಗುಡ್ಡದ ಇಳಿಜಾರಿನಲ್ಲಿ ಈಗಲೂ ಇವೆ.

ಊರು ಮುಚ್ಚಿದ್ದರಿಂದ ಏನು ಪ್ರಯೋಜನವಾಯಿತು ಎಂಬುದು ಇನ್ನೊಂದು ಪ್ರಶ್ನೆ. ರೋಗಾಣುವನ್ನು ಯೆರ್ಸಾಂ ಕಂಡುಹಿಡಿದದ್ದು 1894ರಲ್ಲಿ. ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು ಸಿಮೋಂ ತೋರಿಸಿದ್ದು 1898ರಲ್ಲಿ. ಇಲಿಗೆ ಊರಿನ ಎಲ್ಲೆ ಗೊತ್ತಿಲ್ಲವಾದ್ದರಿಂದ ಮನುಷ್ಯರನ್ನು ಕೂಡಿಹಾಕಿ ಪ್ರಯೋಜನವಿರಲಿಲ್ಲವೆಂದು ಕೆಲವರು ವಾದಿಸುತ್ತ ಬಂದರು. ಆದರೆ ಈಮ್‌ನ ದಫ್ತರದ ತಾರೀಖುಗಳನ್ನು ಮನೆಮನೆಯ ಲೆಕ್ಕದಲ್ಲಿ ವಿಶ್ಲೇಷಿಸಿ 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಅಲ್ಲಿ ಸೋಂಕಿನ ಸುಮಾರು ಮುಕ್ಕಾಲು ಪಾಲು ಮನುಷ್ಯನಿಂದ ಮನುಷ್ಯನಿಗೇ ಹರಡಿರಬೇಕೆಂದು ಅಂದಾಜು ಮಾಡಿದೆ. ಇದು ನಿಜವಾದರೆ ಎಲ್ಲೆಯೊಳಗೆ ಉಳಿದವರು ಹೊರಗಿನವರನ್ನು ಉಳಿಸಿದರೆಂಬ ಮಾತಿಗೆ ಬಲ ಬರುತ್ತದೆ. ಹಾಗೆಯೇ, ಸೋಂಕಿದವರ ಜೊತೆಯಲ್ಲೇ ಉಳಿಯಬೇಕಾದ ಆರೋಗ್ಯವಂತರಿಗೆ ಎಷ್ಟು ಅಪಾಯವಾಯಿತೆಂಬುದೂ ಸ್ಪಷ್ಟವಾಗುತ್ತದೆ.

ಇಷ್ಟನ್ನು ಹಿನ್ನೆಲೆಯಾಗಿಟ್ಟುಕೊಂಡು ಕಾದಂಬರಿಯ ಕಡೆಗೆ ತಿರುಗೋಣ. ಬ್ರೂಕ್ಸ್ ತಮ್ಮ ಕೃತಿಯಲ್ಲಿ ಊರಿಗೆ ಹೆಸರನ್ನೇ ಕೊಟ್ಟಿಲ್ಲ. ಪಾದ್ರಿಯ ಹೆಸರನ್ನು ಮೈಕಲ್ ಮೊಂಪೆಲಿಯನ್ ಎಂದೂ ಅವನ ಹೆಂಡತಿಯ ಹೆಸರನ್ನು ಎಲಿನರ್ ಎಂದೂ ಬದಲಾಯಿಸಿದ್ದಾರೆ. ಜಾರ್ಜ್ ವಿಕರ್ಸ್ ಮಾತ್ರ ತನ್ನ ಹೆಸರಿನಲ್ಲೇ ಬರುತ್ತಾನೆ. ಕಥೆಯನ್ನು ಹೇಳುವವಳು ಆನಾ ಫ್ರಿತ್; ಗಣಿಯಲ್ಲಿ ಸತ್ತವನ ಹೆಂಡತಿ, ಎರಡು ಮಕ್ಕಳ ತಾಯಿ, ಪಾದ್ರಿಯ ಮನೆಯ ಕೆಲಸದವಳು. ಈ ಪಾತ್ರದ ಮೂಲ ಯಾವುದೆಂಬುದು ಬಹು ಸ್ವಾರಸ್ಯವಾದ ವಿಷಯ. ಮೇಲೆ ಹೇಳಿದ ಬೀಲ್ಬಿಯ ಪತ್ರದಲ್ಲಿ ಮೊಂಪೆಸನ್ ತನ್ನ ಆಳಿಗೆ ರೋಗ ಬಂದು ವಾಸಿಯಾಯಿತೆಂದು ತಿಳಿಸಿ, ಮನೆಯ ಸೇವಕಿ ಮಾತ್ರ ಆರೋಗ್ಯವಾಗಿಯೇ ಉಳಿದಳು, ಅವಳೂ ಮಲಗಿದ್ದರೆ ಬಟ್ಟೆ ಒಗೆಯುವುದಕ್ಕೂ ಊಟದ ಸಾಮಗ್ರಿ ಹೊಂದಿಸುವುದಕ್ಕೂ ತನಗೆ ತೊಂದರೆಯಾಗುತ್ತಿತ್ತು ಎಂಬರ್ಥದ ಮಾತನ್ನು ಬರೆದಿದ್ದಾನೆ. ಆಕೆಯ ಹೆಸರನ್ನು ಅವನು ಹೇಳಿಲ್ಲ. ನೂರಾರು ಜನ ಸತ್ತ ಊರಿನಲ್ಲಿ ಉಳಿದುಕೊಂಡ ಒಬ್ಬ ಹೆಂಗಸು ಚರಿತ್ರೆಗೆ ಪ್ರವೇಶಿಸುವುದು ಒಗೆಯುವ ಬಟ್ಟೆಯ ಮೂಲಕ! ಬ್ರೂಕ್ಸ್ ಈ ಒಂದು ವಾಕ್ಯವನ್ನು ಹಿಡಿದು ಇಡೀ ಕಾದಂಬರಿಯ ದೃಷ್ಟಿಕೋನವನ್ನೇ ಪಾದ್ರಿಯಿಂದ ಸೇವಕಿಗೆ ವರ್ಗಾಯಿಸಿದ್ದಾರೆ. ಇದೇ ಈ ಕೃತಿಯ ಅತ್ಯಂತ ಬೆಲೆಯುಳ್ಳ ಐತಿಹಾಸಿಕ ಕಾರ್ಯವೆಂದು ನಾವು ತಿಳಿಯುತ್ತೇವೆ.

ಏಕೆಂದರೆ ಆಕರಗಳೆಲ್ಲ ಮೊಂಪೆಸನನ ಲೇಖನಿಯಿಂದಲೋ ಅವನಂಥವರ ಲೇಖನಿಯಿಂದಲೋ ಬಂದವು. ಸ್ಟಾನ್ಲಿಯ ಕೈಬರಹ ಕೂಡ ನಮಗೆ ದೊರೆಯುವುದಿಲ್ಲ. ಹೊರಟುಹೋಗಲು ಅನುಕೂಲವಿದ್ದವರು ಹೊರಟುಹೋದರೆಂಬುದಕ್ಕೆ ಐತಿಹ್ಯದಲ್ಲೇ ಆಧಾರವಿದೆ. ಶ್ರೀಮಂತರಾದ ಬ್ರಾಡ್‌ಶಾ ಮನೆತನದವರು ಊರು ಬಿಟ್ಟರು. ಪಾದ್ರಿಯೇ ತನ್ನ ಮಕ್ಕಳನ್ನು ಮೊದಲೇ ಹೊರಗೆ ಕಳುಹಿಸಿದ್ದನು. ಉಳಿದವರಿಗೆ ಹೋಗಲು ಸ್ಥಳವಿರಲಿಲ್ಲ. ಈಮ್‌ನಿಂದ ಬಂದವಳೆಂದು ಗೊತ್ತಾದ ಕೂಡಲೆ ಹೆಂಗಸೊಬ್ಬಳನ್ನು ಟೈಡ್ಸ್‌ವೆಲ್ ಊರಿನವರು ಹೊಡೆದಟ್ಟಿದರೆಂಬ ಹೇಳಿಕೆಯೂ ಇದೆ. 1604ರ ಶಾಸನವೊಂದು ಸೋಂಕಿದವರನ್ನು ಮನೆಯಲ್ಲಿ ಕೂಡಿಹಾಕುವ ಅಧಿಕಾರವನ್ನು ಅಧಿಕಾರಿಗಳಿಗೆ ಕೊಟ್ಟಿತ್ತು. ಹೀಗಿರುವಾಗ ಬಡವರು ಉಳಿದದ್ದನ್ನು ಸಂಕಲ್ಪವೆನ್ನಬೇಕೆ, ನಿರುಪಾಯವೆನ್ನಬೇಕೆ? ಪ್ಯಾಟ್ರಿಕ್ ವಾಲಿಸ್ ಎಂಬ ಇತಿಹಾಸಕಾರರು 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈಮ್‌ನ ಕಥೆ ಶತಮಾನದಿಂದ ಶತಮಾನಕ್ಕೆ ಹೇಗೆ ರೂಪುಗೊಳ್ಳುತ್ತ ಬಂದಿತೆಂಬುದನ್ನು ಶೋಧಿಸಿದ್ದಾರೆ. ಅವರ ವಾದವನ್ನು ಓದಿದವರಿಗೆ ವೀರಗಾಥೆಯನ್ನು ಹಿಂದಿನ ನಿಶ್ಚಿಂತೆಯಿಂದ ಓದುವುದು ಕಷ್ಟ.

ಬ್ರೂಕ್ಸ್‌ರ ಕಾದಂಬರಿಯಲ್ಲಿ ಪ್ರತಿಜ್ಞೆಯ ಪ್ರಸಂಗ ಇದೆ. ಪಾದ್ರಿ ವೇದಿಕೆಯ ಮೇಲೆ ನಿಂತು ಅತ್ಯಂತ ಪ್ರಭಾವಶಾಲಿಯಾಗಿ ಮಾತನಾಡುತ್ತಾನೆ, ಜನ ಒಪ್ಪುತ್ತಾರೆ, ಬ್ರಾಡ್‌ಫರ್ಡ್ ಮನೆತನದ ಸಿರಿವಂತರು ಆಳುಗಳನ್ನು ಬೀದಿಗೆ ಬಿಟ್ಟು ಹೊರಟುಹೋಗುತ್ತಾರೆ. ಕಾದಂಬರಿಕಾರ್ತಿ ಇಲ್ಲಿಗೇ ನಿಂತಿದ್ದರೆ ವುಡ್‌ನ ಕಥೆಯನ್ನೇ ಸುಂದರವಾಗಿ ಹೇಳಿದಂತಾಗುತ್ತಿತ್ತು. ಆದರೆ ಒಪ್ಪಿದ ಜನ ಮುಂದಿನ ತಿಂಗಳುಗಳಲ್ಲಿ ಆ ಒಪ್ಪಿಗೆಯನ್ನು ಹೇಗೆ ಹೊತ್ತರು ಎಂಬುದೇ ಕೃತಿಯ ಬಹುಭಾಗ. ಹೆಣ ಹೂಳುವ ಕೆಲಸದಲ್ಲಿ ಸತ್ತವರ ಸೊತ್ತನ್ನು ದೋಚುವವನಿದ್ದಾನೆ. ಅವನು ಆನಾಳ ತಂದೆಯೇ. ಮಂತ್ರದ ಚೀಟಿ ಮಾರುವವರಿದ್ದಾರೆ. ಪಾಪಕ್ಕೆ ಪ್ರಾಯಶ್ಚಿತ್ತವೆಂದು ತಮ್ಮನ್ನೇ ಚಾವಟಿಯಿಂದ ಹೊಡೆದುಕೊಳ್ಳುವವರಿದ್ದಾರೆ. ತಂದೆತಾಯಿಗಳನ್ನು ಕಳೆದುಕೊಂಡ ಹುಡುಗಿಯ ಪಾಲಿನ ಸೀಸದ ಗಣಿ ಗಣಿಗಾರರ ಕಟ್ಟಳೆಯ ಪ್ರಕಾರ ಕೈತಪ್ಪದಿರಲೆಂದು ಆನಾ ಮತ್ತು ಎಲಿನರ್ ತಾವೇ ಗಣಿಗಿಳಿದು ಅದಿರು ತೆಗೆಯುವ ಅಧ್ಯಾಯವಂತೂ, ಆ ಪ್ರಾಂತದ ಆರ್ಥಿಕ ಜೀವನವನ್ನು ಹಲವು ಪಾಠಪುಸ್ತಕಗಳಿಗಿಂತ ಚೆನ್ನಾಗಿ ತಿಳಿಸುತ್ತದೆ.

ದೋಷಗಳನ್ನೂ ಹೇಳಬೇಕು. ಮೂಲಿಕೆಯ ಔಷಧಿ ಬಲ್ಲ ಇಬ್ಬರು ಹೆಂಗಸರು ಮಾಟಗಾತಿಯರೆಂಬ ಆರೋಪಕ್ಕೆ ಗುರಿಯಾಗಿ ಗುಂಪಿನ ಕೈಯಲ್ಲಿ ಸಾಯುವ ಘಟನೆ ಕಾದಂಬರಿಯಲ್ಲಿದೆ. ಈಮ್‌ನ ಆಕರಗಳಲ್ಲಿ ಇದಕ್ಕೆ ಆಧಾರವಿಲ್ಲ. ಆ ಕಾಲದಲ್ಲಿ ಇಂಥದು ಅಸಂಭವವಲ್ಲವಾದರೂ, ಈ ಊರಿನ ಮೇಲೆ ಹೊರಿಸಿರುವುದರಿಂದ ಓದುವವನು ಅದನ್ನೂ ನಡೆದದ್ದೆಂದೇ ನಂಬುವ ಅಪಾಯವಿದೆ. ಕೊನೆಯಲ್ಲಿ ಆನಾ ಉತ್ತರ ಆಫ್ರಿಕದ ಒರಾನ್ ನಗರಕ್ಕೆ ಹೋಗಿ ಮುಸ್ಲಿಂ ವೈದ್ಯನೊಬ್ಬನ ಮನೆಯಲ್ಲಿ ವೈದ್ಯವಿದ್ಯೆ ಕಲಿಯುತ್ತಾಳೆ. ಇದು ಅದುವರೆಗಿನ ಬಿಗಿಯನ್ನು ಸಡಿಲಿಸುವ ಕಲ್ಪನೆಯೆಂದು ನಮಗೆ ತೋರುತ್ತದೆ. ನಿಜವಾದ ಮೊಂಪೆಸನನ ಮುಂದಿನ ಜೀವನವೇ ಹೆಚ್ಚು ಅರ್ಥಪೂರ್ಣವಾಗಿತ್ತು. ಅವನು ಕೆಲವು ವರ್ಷಗಳ ಅನಂತರ ನಾಟಿಂಗ್‌ಹ್ಯಾಮ್‌ಶೈರಿನ ಈಕ್ರಿಂಗ್ ಎಂಬ ಊರಿಗೆ ಪಾದ್ರಿಯಾಗಿ ಹೋದಾಗ ಅಲ್ಲಿನ ಜನ ಪ್ಲೇಗಿನ ಊರಿನಿಂದ ಬಂದವನೆಂದು ಹೆದರಿ, ಅವನನ್ನು ಸ್ವಲ್ಪ ಕಾಲ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದರೆಂದು ಹೇಳಿಕೆಯುಂಟು.

ಕನ್ನಡ ವಾಚಕರಿಗೆ ಇಲ್ಲಿ ಸಹಜವಾಗಿ ಒಂದು ಹೋಲಿಕೆ ಹೊಳೆಯುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ಮೇಲೆ ನಮ್ಮ ಹಳ್ಳಿಗಳಲ್ಲಿ ರೂಢಿಗೆ ಬಂದದ್ದು ಈಮ್‌ನ ಕ್ರಮಕ್ಕೆ ನೇರ ವಿರುದ್ಧವಾದ ಕ್ರಮ: ಇಲಿ ಬಿದ್ದ ಕೂಡಲೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿಯೂ ಶಿವಮೊಗ್ಗೆಯ ಕಡೆಯಿಂದ ರೋಗ ತಂದ ನಾರಣಪ್ಪನ ಹೆಣ ಅಗ್ರಹಾರದಲ್ಲಿ ಕೊಳೆಯುತ್ತಿರುವಾಗ ಬ್ರಾಹ್ಮಣರು ಅಪ್ಪಣೆ ಕೇಳಲು ಬೇರೆ ಊರಿಗೆ ನಡೆಯುತ್ತಾರೆ. ಅಲ್ಲಿ ಪ್ರಶ್ನೆ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂಬುದು. ಈಮ್‌ನಲ್ಲಿ ಪಾದ್ರಿಯಿಲ್ಲದೆ, ಗಂಟೆಯ ಸದ್ದಿಲ್ಲದೆ ಮನೆಯವರೇ ಹೂಳಬೇಕೆಂಬುದು. ಎರಡು ಕೃತಿಗಳ ಉದ್ದೇಶ ಬೇರೆ ಬೇರೆಯಾದರೂ, ಹೆಣದ ಮುಂದೆ ಧರ್ಮದ ಕಟ್ಟಳೆ ಹೇಗೆ ತಡವರಿಸುತ್ತದೆಂಬುದನ್ನು ಎರಡನ್ನೂ ಜೊತೆಗಿಟ್ಟು ಓದಿ ತಿಳಿಯಬಹುದು.

ಈಮ್‌ನ ವಸ್ತುವನ್ನು ಬಳಸಿಕೊಂಡವರು ಬ್ರೂಕ್ಸ್ ಒಬ್ಬರೇ ಅಲ್ಲ. ಡಾನ್ ಟೇಲರ್‌ರ ‘ದಿ ರೋಸಸ್ ಆಫ್ ಈಮ್’ ನಾಟಕವೂ, ಜಿಲ್ ಪೇಟನ್ ವಾಲ್ಶ್ 1983ರಲ್ಲಿ ಕಿರಿಯರಿಗಾಗಿ ಬರೆದ ‘ಎ ಪಾರ್ಸೆಲ್ ಆಫ್ ಪ್ಯಾಟರ್ನ್ಸ್’ ಕಾದಂಬರಿಯೂ ಇವೆ. ತರಗತಿಯಲ್ಲಿ ಇವುಗಳಲ್ಲೊಂದನ್ನು ಬಳಸುವ ಅಧ್ಯಾಪಕರು ಮೊದಲು ಮೊಂಪೆಸನನ ಮೂರು ಪತ್ರಗಳನ್ನೂ ದಫ್ತರದ 1666ರ ಆಗಸ್ಟ್ ತಿಂಗಳ ಪುಟಗಳನ್ನೂ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಆ ಹೆಸರುಗಳನ್ನು ಮನೆಮನೆಯಾಗಿ ವಿಂಗಡಿಸುವಂತೆ ಹೇಳುವುದು ಒಳ್ಳೆಯದು. ಎಪ್ಪತ್ತಕ್ಕೂ ಹೆಚ್ಚು ಹೆಸರುಗಳಿರುವ ಆ ಪಟ್ಟಿಯಲ್ಲಿ ಒಂದೇ ಮನೆಯ ಹೆಸರು ಮತ್ತೆ ಮತ್ತೆ ಬರುವುದನ್ನು ತಾವೇ ಕಂಡ ವಿದ್ಯಾರ್ಥಿಗಳು ಅನಂತರ ಕಾದಂಬರಿಯ ಪ್ರತಿಜ್ಞೆಯ ಅಧ್ಯಾಯವನ್ನು ಓದಲಿ.