ಕಂದು ಬಣ್ಣ ಹೇಳುವ ಗುರುತು

ಠಾಣೆಯ ಮಾಜಿವಾಡಾ ಆಸುಪಾಸಿನ ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿಸಿಕೊಂಡವರು ಮುಂದಿನ ಚಿಕಿತ್ಸೆಗೆ ಪರೇಲಿನ ಟಾಟಾ ಆಸ್ಪತ್ರೆಗೋ ಖಾರ್‌ಘರ್‌ನಲ್ಲಿರುವ ಅದರದೇ ಕೇಂದ್ರವಾದ ಆ್ಯಕ್ಟ್ರೆಕ್‌ಗೋ ಹೊರಟರೆ, ಫೈಲು, ಸ್ಕ್ಯಾನ್ ಸಿಡಿಗಳ ಜೊತೆಗೆ ‘ಬ್ಲಾಕ್’ ಕೂಡ ಚೀಲ ಸೇರುತ್ತದೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಕ್ಯಾಸೆಟ್, ಅದರ ಮೇಲೆ ಬಿಳಿ ಮೇಣ, ಮೇಣದಲ್ಲಿ ಹುದುಗಿದ ಗಡ್ಡೆಯ ಚೂರು. ಡೊಂಬಿವಲಿ, ಕಲ್ಯಾಣದ ಕನ್ನಡ ಮನೆಗಳಿಗೂ, ಊರಿಂದ ಬಂದು ಅಲ್ಲಿ ಉಳಿಯುವ ನೆಂಟರಿಗೂ ಇದು ಹೊಸ ಓಡಾಟವಲ್ಲ. ದೊಡ್ಡ ಆಸ್ಪತ್ರೆಯ ಪೆಥಾಲಜಿಸ್ಟರು ಬೇರೆಯವರು ಬರೆದ ರಿಪೋರ್ಟ್ ಓದಿ ಸುಮ್ಮನಾಗುವುದಿಲ್ಲ. ಸ್ಲೈಡು, ಬ್ಲಾಕು ತರಿಸಿಕೊಂಡು ತಾವೇ ಮತ್ತೆ ನೋಡುತ್ತಾರೆ. ಆ ಮೇಣ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಅದನ್ನು ಕಾರಿನೊಳಗೆ ಬಿಟ್ಟು ಹೋಗಬಾರದು.

ಆ ಚೂರಿನಲ್ಲಿ ಅವರು ಹುಡುಕುವುದೇನು? ಮೊದಲ ನೋಟಕ್ಕೆ ಗುಲಾಬಿ ಮತ್ತು ನೇರಳೆ ಬಣ್ಣ ಹಾಕಿದ ಸ್ಲೈಡ್ ಸಾಕು. ಕೋಶಗಳ ಆಕಾರ, ಜೋಡಣೆ ನೋಡಿಯೇ ನುರಿತ ಕಣ್ಣು ಎಷ್ಟೋ ಗಡ್ಡೆಗಳನ್ನು ಗುರುತಿಸುತ್ತದೆ. ತೊಡಕಾಗುವುದು ಕೋಶಗಳು ತಮ್ಮ ಮೂಲ ರೂಪವನ್ನೇ ಕಳೆದುಕೊಂಡಾಗ. ಕುತ್ತಿಗೆಯ ಗಂಟಿನಿಂದ ತೆಗೆದ ತುಣುಕಿನಲ್ಲಿ ದುಂಡು ಕೋಶಗಳು ಒತ್ತೊತ್ತಾಗಿ ತುಂಬಿವೆ ಎಂದುಕೊಳ್ಳಿ. ಅದು ಲಿಂಫೋಮಾ ಇರಬಹುದು, ಶ್ವಾಸಕೋಶದಿಂದ ಹರಡಿದ ಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್ ಇರಬಹುದು, ಮೆಲನೋಮಾವೂ ಇರಬಹುದು. ನೋಡಲು ಮೂರೂ ಒಂದೇ ಥರ. ಚಿಕಿತ್ಸೆ ಮಾತ್ರ ಮೂರಕ್ಕೂ ಬೇರೆ ಬೇರೆ.

ಇಲ್ಲಿ ನೆರವಿಗೆ ಬರುವುದು ಒಂದೇ ಗುರಿಗೆ ಅಂಟುವ ಮೊನೊಕ್ಲೋನಲ್ ಪ್ರತಿಕಾಯ. ಮೈಗೆ ಹೊರಗಿನ ವಸ್ತು ಹೊಕ್ಕಾಗ ಬಿಳಿ ರಕ್ತಕಣಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಒಂದೊಂದು ಕಣ ಒಂದೊಂದು ಬಗೆಯದನ್ನು ಮಾಡುವುದರಿಂದ ರಕ್ತದಲ್ಲಿ ಸಿಗುವುದು ಕಲಬೆರಕೆ. ಒಂದೇ ಕಣವನ್ನು ಬೇರೆ ಮಾಡಿ ಬೆಳೆಸೋಣವೆಂದರೆ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. 1975ರಲ್ಲಿ ಕೇಂಬ್ರಿಜ್‌ನ ಸೀಸರ್ ಮಿಲ್‌ಸ್ಟೀನ್ ಮತ್ತು ಜಾರ್ಜ್ ಕೋಲರ್, ಇಲಿಯ ಗುಲ್ಮದಿಂದ ತೆಗೆದ ಅಂಥ ಕಣವನ್ನು ಸಾವಿಲ್ಲದೆ ಬೆಳೆಯುವ ಮೈಲೋಮಾ ಎಂಬ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಹುಟ್ಟಿದ ಸಂಕರ ಕೋಶ ಸಾಯಲಿಲ್ಲ; ಅದರ ಸಂತತಿಯೆಲ್ಲ ಒಂದೇ ಬಗೆಯ ಪ್ರತಿಕಾಯವನ್ನು ಮಾಡುತ್ತ ಹೋಯಿತು. ಕ್ಯಾನ್ಸರ್ ಕೋಶದ ಸಾವಿಲ್ಲದ ಗುಣವೇ ಕ್ಯಾನ್ಸರನ್ನು ಗುರುತಿಸುವ ಸಾಧನಕ್ಕೆ ಜೀವ ಕೊಟ್ಟಿತು. ಈ ವಿಧಾನಕ್ಕೆ ಪೇಟೆಂಟ್ ಆಗಲಿಲ್ಲ. ಜಗತ್ತಿನ ಪ್ರಯೋಗಾಲಯಗಳು ಅದನ್ನು ಬೇಗನೆ ಕೈಗೆತ್ತಿಕೊಂಡವು. 1984ರಲ್ಲಿ ನೀಲ್ಸ್ ಯೆರ್ನೆಯವರ ಜೊತೆ ಇಬ್ಬರಿಗೂ ನೊಬೆಲ್ ಸಂದಿತು.

ಲ್ಯಾಬಿನಲ್ಲಿ ಕೆಲಸ ನಡೆಯುವುದು ಹೀಗೆ. ಮೈಕ್ರೋಟೋಮ್ ಯಂತ್ರದ ಅಲಗು ಬ್ಲಾಕಿನಿಂದ 3–4 ಮೈಕ್ರಾನ್ ದಪ್ಪದ, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಭಾಗದ, ಪೊರೆಯನ್ನು ಸೀಳುತ್ತದೆ. ಟೆಕ್ನಿಷಿಯನ್ ಅದನ್ನು ಬೆಚ್ಚನೆ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಸ್ಲೈಡಿಗೆ ಎತ್ತಿಕೊಳ್ಳುತ್ತಾರೆ. ಆದರೆ ಚೂರು ಕೊಳೆಯದಿರಲೆಂದು ಬಳಸಿದ ಫಾರ್ಮಲಿನ್, ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಪ್ರತಿಕಾಯ ಅಂಟಬೇಕಾದ ಜಾಗವನ್ನೇ ಮುಚ್ಚಿರುತ್ತದೆ. 1991ರಲ್ಲಿ ಶಾನ್-ರಾಂಗ್ ಶಿ ಮತ್ತು ಸಂಗಡಿಗರು ಸ್ಲೈಡನ್ನು ಮೈಕ್ರೋವೇವ್ ಒಲೆಯಲ್ಲಿ ಕಾಯಿಸಿದರೆ ಆ ಜಾಗ ಮತ್ತೆ ತೆರೆದುಕೊಳ್ಳುತ್ತದೆಂದು ತೋರಿಸಿದರು. ಇಂದಿಗೂ ಎಷ್ಟೋ ಲ್ಯಾಬುಗಳಲ್ಲಿ ಈ ಕೆಲಸವನ್ನು ಪ್ರೆಶರ್ ಕುಕ್ಕರ್ ಮಾಡುತ್ತದೆ. ಆಮೇಲೆ ಪ್ರತಿಕಾಯ ಹನಿಸುತ್ತಾರೆ. ಅದಕ್ಕೆ ಅಂಟುವ, ಕಿಣ್ವ ಹೊತ್ತ ಎರಡನೇ ಪ್ರತಿಕಾಯ. ಕೊನೆಗೆ ಆ ಕಿಣ್ವ ಕಂದಾಗಿಸುವ ರಾಸಾಯನಿಕ. ಹುಡುಕುತ್ತಿದ್ದ ಪ್ರೋಟೀನ್ ಇದ್ದಲ್ಲಿ ಕಂದು, ಉಳಿದ ಕೋಶಬೀಜಗಳೆಲ್ಲ ತಿಳಿನೀಲಿ.

ಗಡ್ಡೆ ತೆಗೆದ ಮೊದಲ ಗಂಟೆಯಲ್ಲೇ ಈ ಪರೀಕ್ಷೆಯ ಅರ್ಧ ಹಣೆಬರಹ ನಿರ್ಧಾರವಾಗುತ್ತದೆ. ಗಂಟೆಯೊಳಗೆ ಅದನ್ನು ಫಾರ್ಮಲಿನ್‌ಗೆ ಹಾಕಬೇಕು, ಸ್ತನದ ಗಡ್ಡೆಯಾದರೆ 6ರಿಂದ 72 ಗಂಟೆ ಅದರಲ್ಲಿಟ್ಟಿರಬೇಕು. ಇಲ್ಲಿ ಎಡವಿದರೆ ಎಷ್ಟು ದುಬಾರಿ ಪ್ರತಿಕಾಯ ತಂದರೂ ಫಲಿತಾಂಶವನ್ನು ನಂಬುವಂತಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಡಬ್ಬಿ ತುಂಬುವವರ ಕೆಲಸಕ್ಕೆ ಪೆಥಾಲಜಿಸ್ಟರ ಕಣ್ಣಿನಷ್ಟೇ ತೂಕವಿದೆ.

ಕುತ್ತಿಗೆಯ ಗಂಟಿಗೆ ಮರಳೋಣ. ಸಿಡಿ45 ಎಂಬ ಪ್ರೋಟೀನ್ ಕಂದಾದರೆ ಅನುಮಾನ ಲಿಂಫೋಮಾದ ಕಡೆ, ಸೈಟೊಕೆರಾಟಿನ್ ಕಂದಾದರೆ ಕಾರ್ಸಿನೋಮಾದ ಕಡೆ, ಎಸ್100 ಕಂದಾದರೆ ಮೆಲನೋಮಾದ ಕಡೆ. ಕಾರ್ಸಿನೋಮಾ ಎಂದಾದ ಮೇಲೆ ಟಿಟಿಎಫ್-1 ಕಂದಾದರೆ ಮೂಲ ಶ್ವಾಸಕೋಶ ಅಥವಾ ಥೈರಾಯ್ಡ್, ಸಿಡಿಎಕ್ಸ್2 ಆದರೆ ಹೆಚ್ಚಾಗಿ ಕರುಳು. ಇವುಗಳಲ್ಲಿ ಯಾವುದೂ ‘ಇದು ಕ್ಯಾನ್ಸರ್’ ಎನ್ನುವುದಿಲ್ಲ. ಸೈಟೊಕೆರಾಟಿನ್ ಆರೋಗ್ಯವಂತ ಚರ್ಮದಲ್ಲೂ ಇದೆ. ಪ್ರತಿಕಾಯ ಹೇಳುವುದು ಕೋಶದ ಕುಲ, ಅಷ್ಟೇ. ಅದು ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ಗುಲಾಬಿ-ನೇರಳೆ ಸ್ಲೈಡ್ ನೋಡಿದ ಪೆಥಾಲಜಿಸ್ಟರೇ ಹೇಳಬೇಕು. ಅದಕ್ಕೇ ಒಂದೇ ಪ್ರತಿಕಾಯದ ಮಾತಿಗೆ ಯಾರೂ ತೀರ್ಪು ಕೊಡುವುದಿಲ್ಲ, ನಾಲ್ಕೈದನ್ನು ಒಟ್ಟಿಗೆ ಹಾಕಿ ನೋಡುತ್ತಾರೆ.

ರಿಪೋರ್ಟಿನಲ್ಲಿ ‘ಪಾಸಿಟಿವ್’ ಎಂದು ಕಂಡೊಡನೆ ಮನೆಯವರ ಎದೆ ಧಸಕ್ಕೆನ್ನುವುದು ಸಹಜ. ಸ್ತನ ಕ್ಯಾನ್ಸರಿನಲ್ಲಿ ಆ ಪದ ಎಷ್ಟೋ ಸಲ ಒಳ್ಳೆಯ ಸುದ್ದಿ. ಇಆರ್, ಅಂದರೆ ಈಸ್ಟ್ರೊಜನ್ ಗ್ರಾಹಕ, ನೂರರಲ್ಲಿ ಒಂದು ಕೋಶಬೀಜದಲ್ಲಿ ಕಂಡರೂ ಪಾಸಿಟಿವ್ ಎನ್ನುತ್ತಾರೆ. ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಗೆ ದಾರಿ ತೆರೆಯುತ್ತದೆ. ಹರ್-2 ಪ್ರೋಟೀನಿಗೆ 0ಯಿಂದ 3+ವರೆಗೆ ಅಂಕ. 3+ ಬಂದರೆ ಟ್ರಾಸ್ಟುಜುಮಾಬ್ ಕೊಡಬಹುದು. ಇದೂ ಇಲಿಯ ಮೊನೊಕ್ಲೋನಲ್ ಪ್ರತಿಕಾಯವನ್ನು ಮನುಷ್ಯನ ಮೈಗೆ ಹೊಂದುವಂತೆ ತಿದ್ದಿ ಮಾಡಿದ ಔಷಧವೇ. 1998ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇದರ ಬೆಲೆ ಇಲ್ಲಿನ ಬಹುಪಾಲು ಕುಟುಂಬಗಳ ಕೈಗೆಟುಕುತ್ತಿರಲಿಲ್ಲ. ಬೆಂಗಳೂರಿನ ಬಯೋಕಾನ್ 2014ರಲ್ಲಿ ‘ಕ್ಯಾನ್‌ಮ್ಯಾಬ್’ ಹೆಸರಿನಲ್ಲಿ ಅದರ ಸಮರೂಪಿ ಔಷಧವನ್ನು ಅಗ್ಗದ ಬೆಲೆಗೆ ಭಾರತದ ಮಾರುಕಟ್ಟೆಗೆ ತಂದಿತು.

2+ ಬಂದರೆ ಅದೇ ಬ್ಲಾಕಿನಿಂದ ಇನ್ನೊಂದು ಪೊರೆ ಸೀಳಿ, ಹರ್-2 ಜೀನ್‌ನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಮಾಡುತ್ತಾರೆ. 0 ಮತ್ತು 1+ ಎರಡನ್ನೂ ಬಹುಕಾಲ ‘ನೆಗೆಟಿವ್’ ಎಂದು ಒಂದೇ ಕಡೆ ಹಾಕುತ್ತಿದ್ದರು. ಹರ್-2 ಅಲ್ಪವಾಗಿರುವ, ಹರಡಿದ ಸ್ತನ ಕ್ಯಾನ್ಸರಿಗೂ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧ ಕೆಲಸ ಮಾಡುತ್ತದೆಂದು 2022ರಲ್ಲಿ ಸಿದ್ಧವಾದ ಮೇಲೆ ಆ ಎರಡು ಅಂಕಗಳ ನಡುವಿನ ತೆಳು ಗೆರೆಯೂ ಚಿಕಿತ್ಸೆಯನ್ನು ತೀರ್ಮಾನಿಸತೊಡಗಿದೆ. ಕೋಶದ ಅಂಚಿನಲ್ಲಿ ಕಂಡೂ ಕಾಣದಂತಿರುವ ಮಸುಕು ಕಂದು ಇದೆಯೇ ಇಲ್ಲವೇ ಎಂಬ ಬಗ್ಗೆ ಅನುಭವಿ ಪೆಥಾಲಜಿಸ್ಟರ ನಡುವೆಯೂ ಭಿನ್ನಾಭಿಪ್ರಾಯ ಬರುತ್ತದೆ.