ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊ: ವಿಮಾನಕ್ಕೆ ಎಷ್ಟು ದೂರ?

ಐಟಿ ನಂಟಿನ ಈ ಎರಡು ನಗರಗಳ ನಡುವಿನ ವಾಯುಮಾರ್ಗ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು! 2021ರ ಜನವರಿಯಲ್ಲಿ ಏರ್ ಇಂಡಿಯಾ ಇಲ್ಲಿ ನೇರ ವಿಮಾನ ಶುರು ಮಾಡಿದಾಗ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದ ಹಾರಿ ಬೆಂಗಳೂರಿಗೆ ಬಂದಿಳಿಯಿತು. ಇಷ್ಟು ದೊಡ್ಡ ಸುತ್ತು ಯಾಕೆ ಎಂದು ಭೂಪಟ ನೋಡಿದವರಿಗೆ ಅನಿಸುವುದು ಸಹಜ. ಅಲ್ಲೇ ಮೊದಲ ತಪ್ಪು ಕಲ್ಪನೆ ಹುಟ್ಟುವುದು.

ತಪ್ಪು ಕಲ್ಪನೆ: ಭೂಪಟದ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಯೇ ಅತಿ ಹತ್ತಿರದ ದಾರಿ.

ಸತ್ಯ: ಗುಂಡಗಿನ ಭೂಮಿಯನ್ನು ಹಾಳೆಯ ಮೇಲೆ ಹರಡಿದಾಗ ಧ್ರುವಗಳ ಸಮೀಪದ ಪ್ರದೇಶ ಹಿಗ್ಗಿಬಿಡುತ್ತದೆ. ಗ್ಲೋಬ್ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ; ಸೈಬೀರಿಯಾ ದಾಟಿ, ಆರ್ಕ್ಟಿಕ್ ಅಂಚನ್ನು ಮುಟ್ಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಭೂಪಟದ ಗೆರೆಯನ್ನೇ ಹಿಡಿದು ಪೆಸಿಫಿಕ್ ಮೇಲೆ ಹಾರಿದರೆ ಸುಮಾರು 2,000 ಕಿ.ಮೀ. ಹೆಚ್ಚಾಗುತ್ತದೆ. ಧ್ರುವದ ನೆತ್ತಿಯ ಮೇಲೆಯೇ ಹಾದುಹೋದರೂ ಹೆಚ್ಚುವರಿ ದೂರ 400 ಕಿ.ಮೀ. ಆಸುಪಾಸು ಮಾತ್ರ.

ತಪ್ಪು ಕಲ್ಪನೆ: ದೂರ ಕಡಿಮೆಯಾದರೆ ಸಮಯವೂ ಕಡಿಮೆ.

ಸತ್ಯ: 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ಮೇಲೆ ಹಾರಿತು. ಕ್ರಮಿಸಿದ ದೂರ ಸುಮಾರು 15,300 ಕಿ.ಮೀ., ಹಳೆಯ ದಾರಿಗಿಂತ ಸಾವಿರಕ್ಕೂ ಹೆಚ್ಚು ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಮೊದಲಿಗಿಂತ ಬೇಗನೇ ತಲುಪಿತು. ಹಿಂದಿನಿಂದ ಬೀಸುವ ಗಾಳಿಯ ಬಲ ಅದು.

ತಪ್ಪು ಕಲ್ಪನೆ: ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮದ ಊರು ತಾನಾಗಿಯೇ ವಿಮಾನದತ್ತ ಬರುತ್ತದೆ.

ಸತ್ಯ: ಭೂಮಿಯ ಜೊತೆ ವಾತಾವರಣವೂ ತಿರುಗುತ್ತದೆ. ಓಡುವ ರೈಲಿನಲ್ಲಿ ಮೇಲಕ್ಕೆ ಚಿಮ್ಮಿದ ನಾಣ್ಯ ಮತ್ತೆ ಕೈಗೇ ಬೀಳುವ ಹಾಗೆ, ವಿಮಾನಕ್ಕೂ ಇದರಿಂದ ನೇರ ಲಾಭವಿಲ್ಲ. ಲಾಭವಾಗುವುದು ಪೂರ್ವಕ್ಕೆ ಹೋಗುವವರಿಗೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಹರಿಯುವ ಜೆಟ್ ಸ್ಟ್ರೀಮ್ ಗಾಳಿಯೇ ಅದಕ್ಕೆ ಕಾರಣ. 2020ರ ಫೆಬ್ರುವರಿಯಲ್ಲಿ, ಸಿಯಾರಾ ಚಂಡಮಾರುತದ ವೇಳೆ, ಬ್ರಿಟಿಷ್ ಏರ್‌ವೇಸ್ ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರೀ 4 ಗಂಟೆ 56 ನಿಮಿಷದಲ್ಲಿ ತಲುಪಿತ್ತು.

ತಪ್ಪು ಕಲ್ಪನೆ: ಟಿಕೆಟ್‌ನಲ್ಲಿರುವ ದಿನಾಂಕಗಳ ಅಂತರವೇ ಪ್ರಯಾಣದ ಅವಧಿ.

ಸತ್ಯ: ಆ ಮೊದಲ ವಿಮಾನ ಸ್ಯಾನ್‌ಫ್ರಾನ್ಸಿಸ್ಕೊ ಬಿಟ್ಟದ್ದು ಜನವರಿ 9ರ ರಾತ್ರಿ, ಬೆಂಗಳೂರಿಗೆ ಬಂದದ್ದು 11ರ ನಸುಕಿನಲ್ಲಿ. ಹಾರಾಟ ಮಾತ್ರ 17 ಗಂಟೆ ಚಿಲ್ಲರೆ. ಉಳಿದದ್ದು ಎರಡೂ ನಗರಗಳ ಗಡಿಯಾರಗಳ ನಡುವಿನ ಹದಿಮೂರೂವರೆ ಗಂಟೆಯ ವ್ಯತ್ಯಾಸ. ಅಮೆರಿಕದಲ್ಲಿ ಬೇಸಿಗೆ ಸಮಯ ಜಾರಿಯಲ್ಲಿದ್ದಾಗ ಅದು ಹನ್ನೆರಡೂವರೆಗೆ ಇಳಿಯುತ್ತದೆ. ಹಾಗಾಗಿ ಟಿಕೆಟ್ ಕೊಳ್ಳುವಾಗ ಹೊರಡುವ, ತಲುಪುವ ವೇಳೆಯನ್ನಷ್ಟೇ ನೋಡಿ ಲೆಕ್ಕ ಹಾಕಬೇಡಿ. ಒಟ್ಟು ಪ್ರಯಾಣದ ಅವಧಿ ಎಷ್ಟೆಂದು ಗಮನಿಸಿ.